ಕಟಕಟೆಯ ಹಿಂದೆ ನಿಂತ ಸಂಘ: ಇಂಟರ್‌ನ್ಯಾಶನಲ್ ಲೇಬರ್ ಡಿಫೆನ್ಸ್

ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಹುಟ್ಟೂರಾದ ಕ್ಯಾಸಂಬಳ್ಳಿ ಕೋಲಾರ ಚಿನ್ನದ ಗಣಿಗಳ ನೆರೆಯ ಗ್ರಾಮ. ಅವರು ಸಾರ್ವಜನಿಕ ಜೀವನದಲ್ಲಿ ನೆಲೆಗೊಳ್ಳುತ್ತಿದ್ದ ಕಾಲದಲ್ಲೇ, 1930ರ ಏಪ್ರಿಲ್ ತಿಂಗಳಲ್ಲಿ, ಆ ಗಣಿಗಳಲ್ಲಿ ಒಂದು ದೊಡ್ಡ ಮುಷ್ಕರ ನಡೆಯಿತು. ಅದರ ತಕ್ಷಣದ ಕಾರಣ ಕೂಲಿಯ ದರವಾಗಿರಲಿಲ್ಲ. ಕಾರ್ಮಿಕರ ನೋಂದಣಿಗೆ ಅವರ ಬೆರಳಚ್ಚು ಪಡೆಯಬೇಕೆಂದು ಗಣಿಗಳ ಆಡಳಿತ ಮುಂದಾಗಿತ್ತು. ಗಣಿಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಜನ ತಮಿಳು ನಾಡಿನ ಉತ್ತರ ಜಿಲ್ಲೆಗಳಿಂದಲೂ ಆಂಧ್ರದ ಗಡಿ ಪ್ರದೇಶಗಳಿಂದಲೂ ಬಂದ ದಲಿತರು. ಅದಿರಿನ ಕಳ್ಳತನವನ್ನು ತಡೆಯುವ ಹೆಸರಿನಲ್ಲಿ ಮೈಸೂರು ಸಂಸ್ಥಾನವು ಗಣಿಗಳಿಗೆಂದೇ ಪ್ರತ್ಯೇಕ ಕಾನೂನನ್ನು ರೂಪಿಸಿತ್ತು. ಕಾವಲುಗಾರರ ಶೋಧನೆಗೆ ಮೈಯೊಡ್ಡುವುದು ಕಾರ್ಮಿಕನ ನಿತ್ಯದ ಪಾಡಾಗಿತ್ತು. ಹೀಗಿರುವಾಗ ಬೆರಳಚ್ಚು ಎಂಬುದು ಅವನಿಗೆ ಕಚೇರಿಯ ದಾಖಲೆಯಾಗಿ ಕಾಣದೆ ಅಪರಾಧಿಯ ಗುರುತಾಗಿ ಕಂಡದ್ದು ಸಹಜ. ಸಾವಿರಾರು ಮಂದಿ ವಾರಗಟ್ಟಲೆ ಕೆಲಸಕ್ಕೆ ಇಳಿಯಲಿಲ್ಲ. ಅವರಿಗೆ ಆಗ ಮಾನ್ಯತೆ ಪಡೆದ ಸಂಘವೂ ಇರಲಿಲ್ಲ.

ತಪ್ಪು ಮಾಡುವ ಮುನ್ನವೇ ಸಂಶಯಕ್ಕೆ ಗುರಿಯಾದ ಮನುಷ್ಯನು ನಾಳೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತರೆ ಅವನ ಪರವಾಗಿ ಮಾತನಾಡುವವರು ಯಾರು? ಅವನಲ್ಲಿ ವಕೀಲರಿಗೆ ಕೊಡುವ ಹಣವಿಲ್ಲ, ಸಾಕ್ಷಿ ನುಡಿಯಲು ಬರುವ ಪ್ರತಿಷ್ಠಿತರಿಲ್ಲ. ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅತ್ಯಂತ ವ್ಯವಸ್ಥಿತವಾಗಿ ಎತ್ತಿಕೊಂಡದ್ದು ಅಮೆರಿಕದ ಎಡಪಂಥೀಯ ಸಂಘಟನೆಯೊಂದು. ಅದರ ಹೆಸರು ಇಂಟರ್‌ನ್ಯಾಶನಲ್ ಲೇಬರ್ ಡಿಫೆನ್ಸ್. ಅದು ಗೆದ್ದ ತೀರ್ಪೊಂದು ಎರಡು ದಶಕಗಳ ತರುವಾಯ ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ಹೈದರಾಬಾದ್ ರಾಜ್ಯದ ಮರಣದಂಡಿತ ರೈತರ ಮೊಕದ್ದಮೆಯಲ್ಲಿ ಚರ್ಚೆಗೆ ಬಂದಿತು. ಆದ್ದರಿಂದ ಈ ಸಂಘಟನೆಯ ಚರಿತ್ರೆ ಇಲ್ಲಿನ ಓದುಗರಿಗೆ ಪೂರ್ತಿ ಪರದೇಶದ ಕಥೆಯಲ್ಲ.

ಸಂಘಟನೆಯು 1925ರ ಜೂನ್ ತಿಂಗಳಲ್ಲಿ ಶಿಕಾಗೊ ನಗರದಲ್ಲಿ ಸ್ಥಾಪನೆಯಾಯಿತು. ಕಾರ್ಮಿಕ ಚಳವಳಿಯ ಹಿರಿಯ ಬಿಲ್ ಹೇವುಡ್ ಮತ್ತು ಕಮ್ಯುನಿಸ್ಟ್ ನಾಯಕ ಜೇಮ್ಸ್ ಕ್ಯಾನನ್ ಅದರ ಪರಿಕಲ್ಪನೆಗೆ ಕಾರಣರು. ಕ್ಯಾನನ್ ಅದರ ಮೊದಲ ಕಾರ್ಯದರ್ಶಿ. ಮಾಸ್ಕೊದಲ್ಲಿ ಕೇಂದ್ರವಿದ್ದ ಅಂತರರಾಷ್ಟ್ರೀಯ ಕೆಂಪು ನೆರವು ಸಂಸ್ಥೆಯ ಅಮೆರಿಕನ್ ಶಾಖೆಯೆಂದು ಅದು ಗುರುತಿಸಿಕೊಂಡಿತು. ಆದರೆ ಅದರ ಆರಂಭದ ದೃಷ್ಟಿ ಪಕ್ಷದ ಸದಸ್ಯತ್ವಕ್ಕೆ ಸೀಮಿತವಾಗಿರಲಿಲ್ಲ. ಅರಾಜಕತಾವಾದಿಯಾಗಲಿ, ಸಮಾಜವಾದಿಯಾಗಲಿ, ಯಾವ ಪಕ್ಷಕ್ಕೂ ಸೇರದ ಕಾರ್ಮಿಕನಾಗಲಿ, ಹೋರಾಟದ ಕಾರಣದಿಂದ ಸೆರೆಯಾದವನಿಗೆ ನೆರವಾಗಬೇಕೆಂಬುದು ಅದರ ಸಂಕಲ್ಪ. ಸ್ಥಾಪನೆಯ ಹೊತ್ತಿಗೆ ಅಂತಹ 106 ಮಂದಿ ಸೆರೆಯಾಳುಗಳು ಅಮೆರಿಕದ ಕಾರಾಗೃಹಗಳಲ್ಲಿ ಇದ್ದರೆಂದು ಅದು ಲೆಕ್ಕ ಹಾಕಿತು. ಅವರಿಗೆ ಪ್ರತಿ ತಿಂಗಳು ಐದು ಡಾಲರ್ ಕಳುಹಿಸುವ ಪದ್ಧತಿಯನ್ನು ಆರಂಭಿಸಿತು. ಮೊತ್ತ ಸಣ್ಣದು, ಆದರೆ ಹೊರಗಿನ ಲೋಕ ತನ್ನನ್ನು ಮರೆತಿಲ್ಲವೆಂಬ ಭರವಸೆಯನ್ನು ಅದು ಸೆರೆಯಾಳಿಗೆ ತಿಂಗಳಿಗೊಮ್ಮೆ ತಲುಪಿಸುತ್ತಿತ್ತು. ‘ಲೇಬರ್ ಡಿಫೆಂಡರ್’ ಎಂಬ ಚಿತ್ರಸಹಿತ ಮಾಸಪತ್ರಿಕೆ 1926ರಿಂದ ಹೊರಬಂದಿತು.

ಅದರ ಮೊದಲ ದೊಡ್ಡ ಆಂದೋಲನ ಸೋಲಿನಲ್ಲಿ ಮುಗಿಯಿತು. ಇಟಲಿಯಿಂದ ವಲಸೆ ಬಂದಿದ್ದ ಸಾಕೊ ಮತ್ತು ವಾನ್ಜೆಟ್ಟಿ ಎಂಬಿಬ್ಬರು ಅರಾಜಕತಾವಾದಿಗಳನ್ನು ಉಳಿಸಲು ಲೋಕವ್ಯಾಪಿ ಪ್ರತಿಭಟನೆಗಳು ನಡೆದರೂ 1927ರ ಆಗಸ್ಟ್ 23ರಂದು ಬಾಸ್ಟನ್ ನಗರದಲ್ಲಿ ಅವರಿಗೆ ವಿದ್ಯುತ್ ಕುರ್ಚಿಯ ಶಿಕ್ಷೆ ಜಾರಿಯಾಯಿತು. ಆ ಪ್ರತಿಭಟನೆಯಲ್ಲಿ ಪಾಲ್ಗೊಂಡಿದ್ದ ಕಪ್ಪು ಜನಾಂಗದ ಯುವ ವಕೀಲ ವಿಲಿಯಂ ಪ್ಯಾಟರ್ಸನ್ ಹಾರ್ಲೆಮ್‌ನಲ್ಲಿದ್ದ ತನ್ನ ವಕೀಲಿ ವೃತ್ತಿಯನ್ನು ತೊರೆದು ಚಳವಳಿಯನ್ನು ಸೇರಿದನು. 1932ರಲ್ಲಿ ಸಂಘಟನೆಯ ನಾಯಕತ್ವ ಅವನ ಹೆಗಲಿಗೆ ಬಂತು. ಕ್ಯಾನನ್ ಅಷ್ಟರಲ್ಲಿ, 1928ರಲ್ಲೇ, ಪಕ್ಷದಿಂದ ಉಚ್ಚಾಟಿತನಾಗಿದ್ದನು. ಪಕ್ಷದ ಒಳಜಗಳಗಳು ಸಂಘಟನೆಯನ್ನೂ ತಟ್ಟುತ್ತಿದ್ದವು ಎಂಬುದಕ್ಕೆ ಇದೊಂದು ಸಾಕ್ಷಿ.

ಸಂಘಟನೆಯ ಹೆಸರನ್ನು ಚರಿತ್ರೆಯಲ್ಲಿ ನಿಲ್ಲಿಸಿದ್ದು ಸ್ಕಾಟ್ಸ್‌ಬರೊ ಮೊಕದ್ದಮೆ. ಆರ್ಥಿಕ ಮಹಾಕುಸಿತದ ದಿನಗಳವು. ಕೆಲಸ ಹುಡುಕಿ ಊರೂರು ಅಲೆಯುವವರು ಸರಕು ರೈಲುಗಳಲ್ಲಿ ಟಿಕೆಟ್ಟಿಲ್ಲದೆ ಪಯಣಿಸುತ್ತಿದ್ದರು. 1931ರ ಮಾರ್ಚ್ 25ರಂದು ಅಲಬಾಮ ರಾಜ್ಯದ ಪೇಂಟ್ ರಾಕ್ ಎಂಬಲ್ಲಿ ಅಂತಹ ಒಂದು ರೈಲನ್ನು ತಡೆದು ಒಂಬತ್ತು ಮಂದಿ ಕಪ್ಪು ಹುಡುಗರನ್ನು ಹಿಡಿಯಲಾಯಿತು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಯುವತಿಯರು ಅವರ ಮೇಲೆ ಅತ್ಯಾಚಾರದ ಆರೋಪ ಹೊರಿಸಿದರು. ಹುಡುಗರಲ್ಲಿ ಎಲ್ಲರಿಗಿಂತ ಕಿರಿಯನಾದ ರಾಯ್ ರೈಟ್‌ನಿಗೆ ಹದಿಮೂರರ ಆಸುಪಾಸಿನ ವಯಸ್ಸು. ಸ್ಕಾಟ್ಸ್‌ಬರೊ ಪಟ್ಟಣದಲ್ಲಿ ವಿಚಾರಣೆ ಏಪ್ರಿಲ್ 6ರಂದು ಆರಂಭವಾಗಿ 9ರಂದು ಮುಗಿದುಹೋಯಿತು. ಹೊರಗೆ ಸಾವಿರಾರು ಜನರ ಗುಂಪು, ಅದನ್ನು ತಡೆಯಲು ಸಶಸ್ತ್ರ ಕಾವಲು. ನ್ಯಾಯಾಧೀಶನು ಊರಿನ ವಕೀಲರೆಲ್ಲರನ್ನೂ ಒಟ್ಟಾಗಿ ಆರೋಪಿಗಳ ಪರ ನೇಮಿಸಿದ್ದನು. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗಲಿಲ್ಲ. ಕೊನೆಗೆ ನಿಂತವರು ಸ್ಥಳೀಯ ಕಾನೂನಿನ ಪರಿಚಯವಿಲ್ಲದೆ ನೆರೆರಾಜ್ಯದಿಂದ ಬಂದಿದ್ದ ಒಬ್ಬ ವಕೀಲ ಮತ್ತು ಊರಿನ ಒಬ್ಬ ವೃದ್ಧ ವಕೀಲ. ಮೊಕದ್ದಮೆಗೆ ಸಿದ್ಧತೆ ನಡೆಸಲು ಅವರಿಗೆ ಸಮಯವೇ ಇರಲಿಲ್ಲ. ಎಂಟು ಮಂದಿಗೆ ಮರಣದಂಡನೆ. ರಾಯ್ ರೈಟ್‌ನ ವಿಷಯದಲ್ಲಿ ಮಾತ್ರ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ.

ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಹಳೆಯ ಸಂಸ್ಥೆಯಾದ ನ್ಯಾಶನಲ್ ಅಸೋಸಿಯೇಶನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕಲರ್ಡ್ ಪೀಪಲ್ ಮೊದಲಿಗೆ ಹಿಂಜರಿಯಿತು. ಅತ್ಯಾಚಾರದ ಆರೋಪ ಹೊತ್ತವರ ಪರ ನಿಂತರೆ ಸಂಸ್ಥೆಯ ಘನತೆಗೆ ಕುಂದೆಂಬ ಅಳುಕು ಅದಕ್ಕಿತ್ತು. ಲೇಬರ್ ಡಿಫೆನ್ಸ್ ಹಿಂಜರಿಯಲಿಲ್ಲ. ಅದರ ಪ್ರತಿನಿಧಿಗಳು ಸೆರೆಮನೆಗೂ ಹೋದರು, ಹುಡುಗರ ತಾಯಂದಿರ ಮನೆಗಳಿಗೂ ಹೋದರು. ಆ ತಾಯಂದಿರು ಮನೆಗೆಲಸ, ಕೂಲಿಗಳಲ್ಲಿ ಬದುಕು ಸಾಗಿಸುತ್ತಿದ್ದ ಬಡವರು. ಅವರನ್ನು ಮಾತನಾಡಬಲ್ಲವರೆಂದು ಬಗೆದು ವೇದಿಕೆಯ ಮೇಲೆ ಕೂರಿಸಿದ ಮೊದಲ ಸಂಸ್ಥೆ ಇದು. ಎರಡು ಸಂಸ್ಥೆಗಳ ನಡುವೆ ಕಟುವಾದ ಜಗಳ ನಡೆಯಿತು. ಕಮ್ಯುನಿಸ್ಟರಿಗೆ ಬೇಕಾಗಿರುವುದು ಹುಡುಗರ ಬಿಡುಗಡೆಯಲ್ಲ, ಹುತಾತ್ಮರು ಎಂದು ಒಂದು ಕಡೆಯವರು ಹೇಳಿದರೆ, ನೀವು ಹುಡುಗರನ್ನು ಕೊಲೆಗಡುಕರ ದಯೆಗೆ ಒಪ್ಪಿಸುತ್ತಿದ್ದೀರೆಂದು ಇನ್ನೊಂದು ಕಡೆಯವರು ಹೇಳಿದರು. ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೊ ಈ ಜಗಳದಿಂದ ಬೇಸತ್ತು ಹಿಂದೆ ಸರಿದನು. ಕೊನೆಗೆ ಆರೋಪಿಗಳೂ ಅವರ ಪೋಷಕರೂ ಲೇಬರ್ ಡಿಫೆನ್ಸ್ ಸಂಘಟನೆಯನ್ನೇ ಆರಿಸಿಕೊಂಡರು.

ಸಂಘಟನೆಯ ಕಾರ್ಯವಿಧಾನವನ್ನು ಸಾಮೂಹಿಕ ರಕ್ಷಣೆ ಎಂದು ಕರೆಯಲಾಗುತ್ತಿತ್ತು. ನ್ಯಾಯಾಲಯವು ಸಮಾಜದ ಬಲಾಬಲಗಳಿಂದ ಹೊರಗೆ ನಿಂತ ಗುಡಿಯಲ್ಲವೆಂಬುದು ಅದರ ಮೊದಲ ನಂಬಿಕೆ. ಹಾಗೆಂದು ಕಾನೂನಿನ ಒಂದು ಅವಕಾಶವನ್ನೂ ಬಿಟ್ಟುಕೊಡಬಾರದೆಂಬುದು ಎರಡನೆಯ ನಂಬಿಕೆ. ಒಳಗೆ ಅತ್ಯುತ್ತಮ ವಕೀಲ, ಹೊರಗೆ ಲಕ್ಷಾಂತರ ಜನರ ಕಣ್ಣು: ಇವೆರಡೂ ಏಕಕಾಲದಲ್ಲಿ ಇರಬೇಕು. ರೈಟ್ ಸಹೋದರರ ತಾಯಿ ಅಡಾ ರೈಟ್ 1932ರಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಿ ಸಭೆಗಳಲ್ಲಿ ಮಾತನಾಡಿದಳು. ಆ ವರ್ಷಗಳಲ್ಲಿ ಭಾರತದ ಮೀರತ್ ಪಿತೂರಿ ಮೊಕದ್ದಮೆಯ ಸೆರೆಯಾಳುಗಳ ಬಿಡುಗಡೆಗಾಗಿಯೂ ಬ್ರಿಟನ್ನಿನಲ್ಲಿ ಆಂದೋಲನ ನಡೆಯುತ್ತಿತ್ತು. ಶಾಪುರ್ಜಿ ಸಕ್ಲತ್‌ವಾಲಾ ಮೊದಲಾದವರಿದ್ದ ವಲಯದಲ್ಲಿ ಅಲಬಾಮವೂ ಮೀರತ್ತೂ ಒಂದೇ ಅನ್ಯಾಯದ ಎರಡು ಮುಖಗಳೆಂದು ತೋರಿದವು. ಮೀರತ್ ಆರೋಪಿಗಳಲ್ಲಿ ಒಬ್ಬನಾದ ಇಂಗ್ಲಿಷ್ ಯುವಕ ಫಿಲಿಪ್ ಸ್ಪ್ರಾಟ್ ಬಿಡುಗಡೆಯ ನಂತರ ಭಾರತದಲ್ಲೇ ಉಳಿದು, ಕಮ್ಯುನಿಸಮ್ಮನ್ನು ತೊರೆದು, ಮುಂದೆ ಬೆಂಗಳೂರಿನಲ್ಲಿ ‘ಮೈಸ್‌ಇಂಡಿಯ’ ವಾರಪತ್ರಿಕೆಯ ಸಂಪಾದಕನಾದುದು ಈ ಚರಿತ್ರೆಯ ಒಂದು ಅನಿರೀಕ್ಷಿತ ತಿರುವು.

1932ರ ನವೆಂಬರ್ 7ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪೊವೆಲ್ ವಿರುದ್ಧ ಅಲಬಾಮ ಎಂಬ ಹೆಸರಿನ ತೀರ್ಪನ್ನು ನೀಡಿತು. ಲೇಬರ್ ಡಿಫೆನ್ಸ್ ಪರವಾಗಿ ವಾದಿಸಿದವನು ಸಂವಿಧಾನತಜ್ಞ ವಾಲ್ಟರ್ ಪೊಲಾಕ್. ಮರಣದಂಡನೆಗೆ ಗುರಿಯಾಗಬಹುದಾದ ಮೊಕದ್ದಮೆಯಲ್ಲಿ ವಕೀಲನನ್ನು ನೇಮಿಸಿಕೊಳ್ಳಲಾಗದ, ತನ್ನ ವಾದವನ್ನು ತಾನೇ ಮಂಡಿಸಲಾಗದ ಆರೋಪಿಗೆ ವಕೀಲನನ್ನು ಒದಗಿಸುವುದು ನ್ಯಾಯಾಲಯದ ಕರ್ತವ್ಯ. ಅದೂ ಹೆಸರಿಗಷ್ಟೇ ಅಲ್ಲದೆ, ಸಿದ್ಧತೆಗೆ ಸಮಯ ದೊರೆಯುವಂತೆ ಒದಗಿಸಬೇಕು ಎಂಬುದು ಆ ತೀರ್ಪಿನ ಸಾರ. ಮರುವರ್ಷ ಡಿಕೇಟರ್ ಪಟ್ಟಣದಲ್ಲಿ ನಡೆದ ಮರುವಿಚಾರಣೆಗೆ ಲೇಬರ್ ಡಿಫೆನ್ಸ್ ಕಮ್ಯುನಿಸ್ಟನಲ್ಲದ ಸ್ಯಾಮ್ಯುಯೆಲ್ ಲೀಬೊವಿಟ್ಸ್ ಎಂಬ ನ್ಯೂಯಾರ್ಕಿನ ವಕೀಲನನ್ನು ಕರೆತಂದಿತು. ಆರೋಪ ಮಾಡಿದ್ದ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ತಾನು ಹೇಳಿದ್ದು ಸುಳ್ಳೆಂದು ನುಡಿದಳು. ಆದರೂ ಜ್ಯೂರಿ ಮತ್ತೆ ಮರಣದಂಡನೆಯನ್ನೇ ವಿಧಿಸಿತು. ಸಾಕ್ಷ್ಯವನ್ನು ತೂಗಿನೋಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಆ ನಿರ್ಣಯವನ್ನು ರದ್ದುಗೊಳಿಸಿದನು. ಮುಂದಿನ ಚುನಾವಣೆಯಲ್ಲಿ ತನ್ನ ಪದವಿಯನ್ನು ಕಳೆದುಕೊಂಡನು. 1935ರ ಏಪ್ರಿಲ್ 1ರಂದು ನಾರಿಸ್ ವಿರುದ್ಧ ಅಲಬಾಮ ಎಂಬ ಎರಡನೆಯ ತೀರ್ಪು ಬಂದಿತು. ಜ್ಯೂರಿಯ ಪಟ್ಟಿಯಿಂದ ಕಪ್ಪು ಜನರನ್ನು ವ್ಯವಸ್ಥಿತವಾಗಿ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅದು ಸಾರಿತು. ಪಟ್ಟಿಗೆ ಕಪ್ಪು ಜನರ ಹೆಸರುಗಳನ್ನು ಆಮೇಲೆ ತುರುಕಲಾಗಿತ್ತೆಂಬ ವಾದವನ್ನು ಪರಿಶೀಲಿಸಲು ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಪುಟಗಳನ್ನು ನೋಡಿದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆ ಸ್ತುತಿಪಾಠವಾಗುತ್ತದೆ. 1934ರಲ್ಲಿ ಸಂಘಟನೆಗೆ ಸೇರಿದ ಇಬ್ಬರು ಪ್ರಮುಖ ಸಾಕ್ಷಿ ವಿಕ್ಟೋರಿಯ ಪ್ರೈಸ್‌ಗೆ ಲಂಚ ಕೊಡಲು ಯತ್ನಿಸಿದ ಆರೋಪದ ಮೇಲೆ ಸಿಕ್ಕಿಬಿದ್ದರು. ಲೀಬೊವಿಟ್ಸ್ ಕ್ರುದ್ಧನಾಗಿ ದೂರವಾದನು. ಎದುರಾಳಿಗಳಿಗೆ ಬೇಕಾದ ಅಸ್ತ್ರ ದೊರೆಯಿತು. 1935ರ ಕೊನೆಯಲ್ಲಿ, ಹಿಂದೆ ಬೈದಾಡಿಕೊಂಡಿದ್ದ ಸಂಸ್ಥೆಗಳೆಲ್ಲ ಸೇರಿ ಸಂಯುಕ್ತ ರಕ್ಷಣಾ ಸಮಿತಿಯನ್ನು ರಚಿಸಿಕೊಂಡವು. 1937ರ ಜುಲೈನಲ್ಲಿ ನಾಲ್ವರ ಮೇಲಿನ ಆರೋಪವನ್ನು ಕೈಬಿಡಲಾಯಿತು. ಉಳಿದ ಐವರು ಸೆರೆಯಲ್ಲೇ ಉಳಿದರು. ಕೊನೆಯವನಾದ ಆಂಡಿ ರೈಟ್ ಹೊರಬಂದದ್ದು 1950ರಲ್ಲಿ. ಕ್ಲಾರೆನ್ಸ್ ನಾರಿಸ್‌ನಿಗೆ ಅಲಬಾಮ ರಾಜ್ಯ ಕ್ಷಮಾದಾನ ನೀಡಿದ್ದು 1976ರಲ್ಲಿ. ಇನ್ನೂ ಮೂವರಿಗೆ ಅದು ದೊರೆತದ್ದು 2013ರಲ್ಲಿ, ಅವರೆಲ್ಲ ತೀರಿಕೊಂಡ ಮೇಲೆ. ಒಂಬತ್ತು ಮಂದಿಯಲ್ಲಿ ಒಬ್ಬನಿಗೂ ಮರಣದಂಡನೆ ಜಾರಿಯಾಗಲಿಲ್ಲವೆಂಬುದು ಸಂಘಟನೆಯ ಗೆಲುವು. ಆದರೆ ಆ ಗೆಲುವಿನ ಬೆಲೆಯನ್ನು ತೆತ್ತವರು ತಮ್ಮ ಯೌವನವನ್ನು ಸೆರೆಯಲ್ಲಿ ಕಳೆದ ಹುಡುಗರು.

ಈ ಮೊಕದ್ದಮೆ ಸಾಹಿತ್ಯಕ್ಕೂ ಇಳಿಯಿತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಸೆರೆಮನೆಗೆ ಹೋಗಿ ಹುಡುಗರನ್ನು ಕಂಡನು. ‘ಸ್ಕಾಟ್ಸ್‌ಬರೊ ಲಿಮಿಟೆಡ್’ ಎಂಬ ಕೃತಿಯನ್ನು 1932ರಲ್ಲಿ ಪ್ರಕಟಿಸಿದನು. ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ವಿಚಾರಣೆಯನ್ನು ವಿಮರ್ಶಕರು ಸ್ಕಾಟ್ಸ್‌ಬರೊ ಜೊತೆಗಿಟ್ಟು ಓದುವುದುಂಟು. ಆದರೆ ಎರಡರ ನಡುವಿನ ಅಂತರ ಗಮನಾರ್ಹ. ಕಾದಂಬರಿಯಲ್ಲಿ ಸಜ್ಜನನಾದ ಒಬ್ಬ ಬಿಳಿಯ ವಕೀಲ ಊರಿನ ಎದುರು ಒಂಟಿಯಾಗಿ ನಿಲ್ಲುತ್ತಾನೆ. ಕಪ್ಪು ಜನ ಮಾಳಿಗೆಯಿಂದ ಮೌನವಾಗಿ ನೋಡುತ್ತಾರೆ. ಚರಿತ್ರೆಯಲ್ಲಿ ತಾಯಂದಿರು ಮಾತನಾಡಿದರು, ಕಪ್ಪು ವಕೀಲರು ಮುಂದಾಳುಗಳಾದರು, ಕೂಲಿಕಾರರು ನಾಣ್ಯ ಕೂಡಿಸಿದರು. ಅಟ್ಲಾಂಟ ನಗರದಲ್ಲಿ ನಿರುದ್ಯೋಗಿಗಳನ್ನು ಸಂಘಟಿಸಿ 1932ರಲ್ಲಿ ಸೆರೆಯಾದ ಏಂಜೆಲೊ ಹರ್ನ್‌ಡನ್ ಎಂಬ ಕಪ್ಪು ಯುವಕನ ಪರ ಇದೇ ಸಂಘಟನೆಯಿಂದ ವಾದಿಸಿದವನು ಕಪ್ಪು ವಕೀಲ ಬೆಂಜಮಿನ್ ಡೇವಿಸ್. 1937ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಹರ್ನ್‌ಡನ್‌ನ ಶಿಕ್ಷೆಯನ್ನು ರದ್ದುಪಡಿಸಿತು.

ಸಮುದಾಯವನ್ನೇ ನಾಯಕಸ್ಥಾನದಲ್ಲಿ ನಿಲ್ಲಿಸಿದ ಕಾದಂಬರಿಯನ್ನು ಅರಸಿದರೆ ಕನ್ನಡದಲ್ಲೇ ಒಂದು ದೊರೆಯುತ್ತದೆ. ನಿರಂಜನರ ‘ಚಿರಸ್ಮರಣೆ’ 1955ರಲ್ಲಿ ಪ್ರಕಟವಾಯಿತು. ಅದರ ಆಧಾರ ಕಯ್ಯೂರಿನ ಘಟನೆ. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರು ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1941ರ ಮಾರ್ಚ್ 28ರಂದು ರೈತಸಂಘದ ಮೆರವಣಿಗೆಗೆ ಎದುರಾದ ಒಬ್ಬ ಪೊಲೀಸ್ ಪೇದೆ ನದಿಯ ಪಾಲಾಗಿ ಸತ್ತನು. ಅರವತ್ತರಷ್ಟು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. ಮಠತ್ತಿಲ್ ಅಪ್ಪು, ಕೊಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ ಎಂಬ ನಾಲ್ವರಿಗೆ ಮರಣದಂಡನೆಯಾಯಿತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಅಪ್ರಾಪ್ತವಯಸ್ಕನಾದುದರಿಂದ ನೇಣಿನಿಂದ ಪಾರಾದನು. ಮೇಲ್ಮನವಿಗಳು ಫಲ ನೀಡಲಿಲ್ಲ. ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ.ಸಿ. ಜೋಶಿ ಕಣ್ಣೂರಿನ ಸೆರೆಮನೆಗೆ ಹೋಗಿ ಆ ನಾಲ್ವರನ್ನು ಕಂಡರು. 1943ರ ಮಾರ್ಚ್ 29ರಂದು ಅಲ್ಲಿಯೇ ಅವರನ್ನು ಗಲ್ಲಿಗೇರಿಸಲಾಯಿತು. ಅಲಬಾಮದ ಹುಡುಗರನ್ನು ಉಳಿಸಿದ್ದು ವರ್ಷಗಳ ಕಾಲಾವಕಾಶ, ಸರ್ವೋಚ್ಚ ನ್ಯಾಯಾಲಯದ ಸಂವಿಧಾನಾತ್ಮಕ ಅಧಿಕಾರ ಮತ್ತು ಲೋಕದ ಗಮನ. ಮಹಾಯುದ್ಧದ ನಡುವೆ, ವಸಾಹತು ಆಡಳಿತದ ಅಡಿಯಲ್ಲಿ, ಕಯ್ಯೂರಿನ ರೈತರಿಗೆ ಈ ಮೂರೂ ಒಟ್ಟಾಗಿ ಒದಗಲಿಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನ ಬಂದಿತು. ಅದರ 22ನೆಯ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ನೆರವು ಪಡೆಯುವ ಹಕ್ಕನ್ನು ನೀಡಿತು. ಇದರ ಪರೀಕ್ಷೆ ಬೇಗನೆ ಎದುರಾಯಿತು. ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡಿದ್ದ ಹೈದರಾಬಾದ್ ರಾಜ್ಯದಲ್ಲಿ ತೆಲಂಗಾಣದ ಹೋರಾಟಕ್ಕೆ ಸಂಬಂಧಿಸಿ ವಿಶೇಷ ನ್ಯಾಯಮಂಡಳಿಗಳು ರೈತರಿಗೆ ಮರಣದಂಡನೆ ವಿಧಿಸಿದ್ದವು. ಅವರ ಪರವಾಗಿ ದೇಶವಿದೇಶಗಳಲ್ಲಿ ರಕ್ಷಣಾ ಆಂದೋಲನ ನಡೆಯಿತು. ಇಂಗ್ಲೆಂಡಿನ ಎಡಪಂಥೀಯ ವಕೀಲ ಡಿ.ಎನ್. ಪ್ರಿಟ್ ವಾದಿಸಲು ಭಾರತಕ್ಕೆ ಬಂದರು. ತಮಗೆ ವಕೀಲರ ನೆರವು ದೊರೆಯಲಿಲ್ಲವೆಂಬುದು ಅರ್ಜಿದಾರರ ದೂರುಗಳಲ್ಲಿ ಒಂದು. ಜನಾರ್ದನ ರೆಡ್ಡಿ ಮೊಕದ್ದಮೆಯೆಂದು ಹೆಸರಾದ ಇದರ ತೀರ್ಪು 1951ರ ಮಾರ್ಚ್ ತಿಂಗಳಲ್ಲಿ ಬಂದಿತು. ಅದರಲ್ಲಿ ಪೊವೆಲ್ ತೀರ್ಪು ಚರ್ಚೆಗೆ ಒಳಗಾಯಿತು. ವಕೀಲನಿಲ್ಲದೆ ನಡೆದ ಪ್ರತಿಯೊಂದು ಮರಣದಂಡನೆಯ ವಿಚಾರಣೆಯೂ ತಾನೇ ತಾನಾಗಿ ಅಸಿಂಧುವಾಗುತ್ತದೆಂದು ಹೇಳಲು ಭಾರತದ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ, ಅರ್ಜಿಗಳು ವಜಾಗೊಂಡವು. ಆದರೂ ರೈತರಿಗೆ ನೇಣು ತಪ್ಪಿತು; ಮರಣದಂಡನೆಯು ಜೀವಾವಧಿಗೆ ಇಳಿಯಿತು. ಒಳಗೆ ಸೋತ ವಾದದ ಹಿಂದೆ ಹೊರಗಿನ ಆಂದೋಲನ ನಿಂತಿತ್ತೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಅದೇ ವಸಂತದಲ್ಲಿ ಅಮೆರಿಕದಲ್ಲಿ ಇದರ ವಿರುದ್ಧ ಫಲ ಕಂಡಿತು. ಲೇಬರ್ ಡಿಫೆನ್ಸ್ 1946ರಲ್ಲಿ ಇತರ ಸಂಸ್ಥೆಗಳೊಡನೆ ವಿಲೀನಗೊಂಡು ಸಿವಿಲ್ ರೈಟ್ಸ್ ಕಾಂಗ್ರೆಸ್ ಎಂಬ ಹೊಸ ರೂಪ ತಾಳಿತ್ತು. ಅದು ವರ್ಷಗಳ ಕಾಲ ರಕ್ಷಿಸಲು ಹೆಣಗಿದ ವಿಲ್ಲಿ ಮೆಗೀ ಎಂಬ ಕಪ್ಪು ವ್ಯಕ್ತಿಗೆ 1951ರ ಮೇ 8ರಂದು ಮಿಸಿಸಿಪ್ಪಿಯಲ್ಲಿ ಮರಣದಂಡನೆ ಜಾರಿಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಪ್ಯಾಟರ್ಸನ್ ಪ್ಯಾರಿಸ್ಸಿನಲ್ಲಿಯೂ ಗಾಯಕ ಪಾಲ್ ರಾಬ್ಸನ್ ನ್ಯೂಯಾರ್ಕಿನಲ್ಲಿಯೂ ವಿಶ್ವಸಂಸ್ಥೆಗೆ ‘ವಿ ಚಾರ್ಜ್ ಜೆನೊಸೈಡ್’ ಎಂಬ ಮನವಿಯನ್ನು ಸಲ್ಲಿಸಿದರು. ಶೀತಲ ಸಮರದ ಒತ್ತಡ, ಸರ್ಕಾರದ ಮೊಕದ್ದಮೆಗಳ ಭಾರ ತಾಳದೆ ಸಂಸ್ಥೆಯು 1956ರಲ್ಲಿ ವಿಸರ್ಜನೆಗೊಂಡಿತು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ಗೆದ್ದ ವರ್ಷವೂ ಅದೇ. ಹೊಸ ಚಳವಳಿ ತನ್ನ ಹಿಂದಿನ ಈ ಸಂಘಟನೆಯ ಹೆಸರನ್ನು ಬಹಿರಂಗವಾಗಿ ಹೇಳಿಕೊಳ್ಳಲು ಸಾಧ್ಯವಿರಲಿಲ್ಲ; ಆದರೆ ವಕೀಲನ ಹಕ್ಕು, ಜ್ಯೂರಿಯಲ್ಲಿ ಪಾಲು ಎಂಬ ಎರಡು ನೆಲೆಗಟ್ಟುಗಳ ಮೇಲೆ ಅದು ನಡೆಯಿತು.

ಭಾರತದಲ್ಲಿ 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿತು. 1978ರ ಹೊಸ್ಕೋಟ್ ಮತ್ತು 1979ರ ಹುಸೈನಾರಾ ಖಾತೂನ್ ತೀರ್ಪುಗಳು ಅದನ್ನು ಜೀವಿಸುವ ಹಕ್ಕಿನೊಡನೆ ಬೆಸೆದವು. ಇಂದು ತಾಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿವೆ. ಆದರೆ ವಕೀಲನನ್ನು ಒದಗಿಸಿದ ಮಾತ್ರಕ್ಕೆ ರಕ್ಷಣೆ ಒದಗುವುದಿಲ್ಲವೆಂಬುದೇ ಪೊವೆಲ್ ತೀರ್ಪಿನ ತಿರುಳು. ಸ್ಕಾಟ್ಸ್‌ಬರೊದ ಹುಡುಗರಿಗೂ ಹೆಸರಿಗೆ ವಕೀಲರಿದ್ದರು. ಕೊರತೆಯಾಗಿದ್ದದ್ದು ಅವರ ಬದುಕು ತಮ್ಮ ಹೊಣೆಯೆಂದು ಬಗೆದವರು. ಆ ಹೊಣೆಯನ್ನು ಲೇಬರ್ ಡಿಫೆನ್ಸ್ ತನ್ನೆಲ್ಲ ಪಕ್ಷಪಾತ ಮತ್ತು ಪ್ರಮಾದಗಳ ನಡುವೆಯೂ ಹೊತ್ತಿತು.

ಕೋಲಾರದ ಗಣಿಗಳಲ್ಲಿ 1946ರ ನವೆಂಬರ್ 4ರಂದು ಗೋಲಿಬಾರಿನಲ್ಲಿ ಆರು ಮಂದಿ ಕಾರ್ಮಿಕರು ಪ್ರಾಣ ತೆತ್ತರು. 2001ರ ಫೆಬ್ರುವರಿ ಕೊನೆಯಲ್ಲಿ ಗಣಿಗಳೇ ಮುಚ್ಚಿದವು. ಆದರೂ 1930ರಲ್ಲಿ ಬೆರಳನ್ನು ಮುಂದೊಡ್ಡಲು ಒಪ್ಪದ ಕಾರ್ಮಿಕನ ನಿಲುವು ಹಳತಾಗಿಲ್ಲ. ತನ್ನನ್ನು ಅಪರಾಧಿಯೆಂದು ಮೊದಲೇ ಬರೆದಿಟ್ಟ ಕಾಗದಕ್ಕೆ ಗುರುತು ಹಾಕಲು ಅವನು ನಿರಾಕರಿಸಿದನು. ಅವನ ಜೊತೆಗೆ ಸಾವಿರಾರು ಮಂದಿ ನಿರಾಕರಿಸಿದರು. ರಕ್ಷಣೆ ಎಂಬುದು ಅಲ್ಲಿಂದಲೇ ಆರಂಭವಾಗುತ್ತದೆ.